ಪುಸ್ತಕದಿಂದ ಅಂಗಳಕ್ಕೆ ಬಂದ ಕವಿತೆ

ಹೊಸ ಕವಿತೆಯನ್ನು ಯಾರೂ ಓದುವುದಿಲ್ಲ ಎಂಬ ದೂರು ಹಳೆಯದು. ಕವನ ಸಂಕಲನವೆಂದರೆ ಪ್ರಕಾಶಕರು ಹಿಂದೆಮುಂದೆ ನೋಡುತ್ತಾರೆ. ಆದರೂ ಮದುವೆ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಕವಿತೆ ಹಾಡುವವರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಪುಸ್ತಕ ಕೊಳ್ಳದವರ ನಾಲಗೆಯ ಮೇಲೂ ಕವಿತೆ ನೆಲೆಸಿದ್ದು ಹೇಗೆ? ಉತ್ತರ ಸುಗಮ ಸಂಗೀತದಲ್ಲಿದೆ.

ಕವಿಗಳ ರಚನೆಗಳನ್ನು ವೇದಿಕೆಯ ಮೇಲೆ ಹಾಡಿ ದಾರಿ ಮಾಡಿಕೊಟ್ಟವರಲ್ಲಿ ಪಿ. ಕಾಳಿಂಗರಾಯರು (1914-1981) ಪ್ರಮುಖರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದೇ ಅದು ಹೆಸರಾಯಿತು. ಆಗ ಕವಿಗೆ 42 ವರ್ಷ. ಕಣ್ಣೆದುರಿಗಿದ್ದ ಕವಿಯೊಬ್ಬರ ಮಾತು ಹೀಗೆ ಮನೆಮನೆಗೆ ತಲುಪಿತು.

ಈ ಪ್ರೀತಿಯ ದೊಡ್ಡ ಪಾಲು ಸಂದದ್ದು ಕೆ.ಎಸ್. ನರಸಿಂಹಸ್ವಾಮಿಯವರಿಗೆ. 1942ರ 'ಮೈಸೂರು ಮಲ್ಲಿಗೆ'ಯಲ್ಲಿ ಗಂಡ ಹೆಂಡಿರ ಸರಸ, ಮುನಿಸು, ತವರಿನ ನೆನಪು, ಬಾಗಿಲಿಗೆ ಬಂದ ಬಳೆಗಾರ ಇವೇ ವಸ್ತು. ಮನೆಮಾತಿಗೆ ಹತ್ತಿರದ ನುಡಿ, ಹಾಡಿಗೆ ಒಗ್ಗುವ ಲಯ. ಟಿ.ಎಸ್. ನಾಗಾಭರಣ ಅದೇ ಹೆಸರಿನ ಚಲನಚಿತ್ರ ಮಾಡಿದರು. ಸಂಗೀತ ಸಿ. ಅಶ್ವಥ್ ಅವರದು. ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ಬಂತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಹಾಡಿಗೆ ಪಲ್ಲವಿ ಬೇಕು. ಅವಧಿಗೆ ಹೊಂದಿಸಲು ಚರಣ ಬಿಡಬೇಕು. ಕಥೆ ಹೇಳುವ ಕವಿತೆಯಲ್ಲಿ ಒಂದು ಪದ್ಯ ಬಿಟ್ಟರೂ ಎಳೆ ಕಡಿಯುತ್ತದೆ. ಎಷ್ಟೋ ಸಲ ಗಾಯಕರ ಹೆಸರು ಉಳಿದು ಕವಿಯ ಹೆಸರು ಮರೆಯಾಗುತ್ತದೆ.

ಇನ್ನೂ ದೊಡ್ಡ ನಷ್ಟ ಬೇರೆಯೇ. ಐವತ್ತರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಮುಂತಾದವರು ನವ್ಯದ ಹಾದಿ ಹಿಡಿದಾಗ ಕವಿತೆ ಕಟ್ಟುನಿಟ್ಟಾದ ಛಂದಸ್ಸನ್ನು ಬಿಟ್ಟಿತು. ನಗರದ ಗದ್ದಲ, ಒಂಟಿತನ, ಸಿಟ್ಟು ಅದರಲ್ಲಿ ಬಂದವು. ಅದೂ ದಿನನಿತ್ಯದ ಬದುಕೇ. ಆದರೆ ಅದರಲ್ಲಿ ಬಹುಪಾಲು ರಾಗಕ್ಕೆ ಸುಲಭವಾಗಿ ಬಗ್ಗಲಿಲ್ಲ, ಪುಸ್ತಕದಲ್ಲೇ ಉಳಿಯಿತು. ನರಸಿಂಹಸ್ವಾಮಿಯವರೇ ಇದಕ್ಕೆ ಸಾಕ್ಷಿ. ಅವರಿಗೆ 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು 'ಮೈಸೂರು ಮಲ್ಲಿಗೆ' ಅಲ್ಲ, 'ತೆರೆದ ಬಾಗಿಲು'. ಮಲ್ಲಿಗೆಯ ಹಾಡು ಬಲ್ಲ ಎಷ್ಟೋ ಮಂದಿ ಈ ಬಾಗಿಲನ್ನು ದಾಟಿಲ್ಲ.

ಹಾಡು ಕವಿತೆಯನ್ನು ಅಂಗಳದವರೆಗೆ ತಂದಿದೆ. ಹಾಡುವ ಮುನ್ನ ಕವಿಯ ಹೆಸರು ಹೇಳಿ, ಬಿಟ್ಟ ಪದ್ಯವನ್ನು ಒಮ್ಮೆ ಓದಿದರೆ ಸಾಕು. ಕೇಳಿದವರಲ್ಲಿ ಕೆಲವರಾದರೂ ಪುಸ್ತಕ ಹುಡುಕಿಕೊಂಡು ಹೋದಾರು.