ಹರಿಗೋಲಿನಲ್ಲಿ ಹೊರಡುವ ಮುನ್ನ

ಹೊಳೆಯ ಮೇಲೆ ಎರಡು ದಿನ ತೇಲಿಕೊಂಡು ಹೋಗುವುದಕ್ಕೆ ಸಿದ್ಧತೆ ಏತಕ್ಕೆ? ನೀರು ತಾನಾಗಿ ಹರಿಯುತ್ತದೆ, ಹರಿಗೋಲು ತಾನಾಗಿ ತೇಲುತ್ತದೆ, ಅಂಬಿಗನು ಹುಟ್ಟು ಹಾಕುತ್ತಾನೆ, ನಾವು ಕುಳಿತಿದ್ದರಾಯಿತು. ರಾಯಚೂರಿನಲ್ಲಿ ಹುಟ್ಟಿ, ಎರಡು ಮಹಾನದಿಗಳ ನಡುವಣ ನಾಡಿನಲ್ಲಿಯೇ ತಲೆ ನರೆಸಿಕೊಂಡ ನಾನು ಮೊನ್ನೆ ಮೊನ್ನೆಯವರೆಗೂ ಹೀಗೆಂದೇ ತಿಳಿದಿದ್ದೆ. ಈ ತಿಳಿವಳಿಕೆ ಎಷ್ಟು ಹುರುಳಿಲ್ಲದ್ದೆಂಬುದು ಗೊತ್ತಾದದ್ದು ನನ್ನ ಸೋದರಳಿಯನಿಂದ.

ಆತ ಮಾನ್ವಿಯಲ್ಲಿ ಬೆಳೆದ ಹುಡುಗ. ಈಗ ಕೆನಡಾ ದೇಶದ ಟೊರಾಂಟೊ ನಗರದಲ್ಲಿದ್ದಾನೆ. 2024ರ ಆಗಸ್ಟಿನಲ್ಲಿ ರಜೆಯ ಮೇಲೆ ಬಂದಾಗ ತನ್ನ ಪ್ರವಾಸದ ಚಿತ್ರಗಳನ್ನು ತೋರಿಸಿದನು. ಆ ದೇಶದ ಉತ್ತರ ಭಾಗದಲ್ಲಿ ರಸ್ತೆಯೇ ಇಲ್ಲದ ಸಾವಿರಾರು ಸರೋವರಗಳಿವೆಯಂತೆ. ಅಲ್ಲಿಗೆ ಹೋಗಬೇಕಾದರೆ ನೀರಿನ ಮೇಲಿಳಿಯುವ ಪುಟ್ಟ ವಿಮಾನವೇ ಗತಿ. 1947ರಲ್ಲಿ ಮೊದಲು ಹಾರಿದ ಬೀವರ್ ಎಂಬ ವಿಮಾನಗಳು, ತಯಾರಿಕೆ ನಿಂತು ಅರ್ಧ ಶತಮಾನ ಕಳೆದರೂ, ಇಂದಿಗೂ ಈ ಕೆಲಸಕ್ಕೆ ಒದಗುತ್ತವೆ. ಕನೂ ಎಂಬ ನೀಳವಾದ ದೋಣಿಯನ್ನು ವಿಮಾನದ ಕಾಲಿಗೆ ಬಿಗಿದು ಒಯ್ಯುತ್ತಾರೆ. ವಿಮಾನವು ಪ್ರಯಾಣಿಕರನ್ನು ಸರೋವರದಲ್ಲಿಳಿಸಿ ಹಾರಿಹೋಗುತ್ತದೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಜಾಗದಲ್ಲಿ ಮತ್ತೆ ಬರುತ್ತದೆ. ಆ ದಿನ ಮೋಡ ಕವಿದರೆ ಬರುವುದಿಲ್ಲ. ಆದ್ದರಿಂದ ಐದು ದಿನದ ಪ್ರವಾಸಕ್ಕೆ ಏಳು ದಿನದ ಬುತ್ತಿ! ಅಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತಾರೆ, ಗುಡಾರದಲ್ಲಿ ಮಲಗುತ್ತಾರೆ, ಮರೆತುಬಂದ ಬೆಂಕಿಪೆಟ್ಟಿಗೆಗಾಗಿ ಪರಸ್ಪರ ಜಗಳಾಡುತ್ತಾರೆ.

ನಾನು ಸುಮ್ಮನಿರಲಾರದೆ ಕೇಳಿದೆ: “ಅಲ್ಲಪ್ಪಾ, ಮಾನ್ವಿಯ ಹೊಳೆಯಲ್ಲಿ ಎಂದಾದರೂ ತೆಪ್ಪ ಹತ್ತಿದ್ದೀಯಾ?”

ಹುಡುಗ ನಕ್ಕುಬಿಟ್ಟನು. “ಇಲ್ಲ ಮಾಮಾ. ನೀವು ಹತ್ತಿದ್ದೀರೇನು?”

ನಾನೂ ಹತ್ತಿರಲಿಲ್ಲ. ನಮ್ಮ ಪ್ರವಾಸದ ಸಂಕಲ್ಪ ಆ ಕ್ಷಣದಲ್ಲಿ ಹುಟ್ಟಿತು.

ನಮ್ಮ ಕಡೆ ಜನರು ತೆಪ್ಪವೆಂದೇ ಕರೆಯುವ ಈ ಹರಿಗೋಲು ಬಲು ಪುರಾತನವಾದ ವಾಹನ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಇದನ್ನು ಕಂಡು ಬೆರಗಾದನು. ಬುಟ್ಟಿಯಂತೆ ದುಂಡಗಾದ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಕೂರಬಹುದೆಂದೂ, ಕುದುರೆ ಎತ್ತುಗಳನ್ನೂ ದಾಟಿಸುವರೆಂದೂ, ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುವುವೆಂದೂ ಬರೆದಿದ್ದಾನೆ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೊಟಸನು ಬ್ಯಾಬಿಲೋನಿನ ನದಿಯಲ್ಲೂ ಇಂಥದೇ ದುಂಡು ದೋಣಿಯನ್ನು ವರ್ಣಿಸಿದ್ದಾನೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ದಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ. ಕೆನಡಾದ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯಿಂದ ಕನೂ ಕಟ್ಟಿದರು, ನಮ್ಮವರು ಬಿದಿರು ಚರ್ಮಗಳಿಂದ ಹರಿಗೋಲು ಕಟ್ಟಿದರು. ದಡದಲ್ಲಿ ಸಿಕ್ಕಿದ್ದೇ ದೋಣಿಯಾಯಿತು. ಅಲ್ಲಿ ದೋಣಿಯನ್ನು ವಿಮಾನ ಹೊರುತ್ತದೆ. ಇಲ್ಲಿ ಅಂಬಿಗನ ತಲೆ ಹೊರುತ್ತದೆ. ಪ್ರವಾಹದೊಂದಿಗೆ ಕೆಳಗೆ ಬಂದ ಹರಿಗೋಲು ಎದುರು ಪ್ರವಾಹದಲ್ಲಿ ಅಷ್ಟು ದೂರ ಮೇಲೇರಲಾರದು. ಅದನ್ನು ಹೊತ್ತುಕೊಂಡೇ ಊರಿಗೆ ಮರಳಬೇಕು, ಇಲ್ಲವೆ ಗಾಡಿಯ ಮೇಲೆ ಹೇರಬೇಕು. ನಮ್ಮ ಲೆಕ್ಕದ ಮೊದಲನೆಯ ಖರ್ಚು ಇದೇ ಆಯಿತು.

ಅಂಬಿಗನ ಮಾತು

ತುಂಗಭದ್ರೆ ಅಕ್ಕನ ಮನೆಗೆ ಹತ್ತಿರ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಆ ದಡದಲ್ಲಿಯೇ ಇದೆ. ಮಾನ್ವಿಯಂತೂ ಜಗನ್ನಾಥದಾಸರ ಊರು. ದಾಸರ ಊರಿನಿಂದ ಹೊರಡೋಣವೆಂದು ಹುಡುಗನ ಹಟ. ಶುಕ್ರವಾರ ಸಂಜೆ ದಡದ ಊರೊಂದರಲ್ಲಿ ವಯಸ್ಸಾದ ಅಂಬಿಗನೊಬ್ಬನನ್ನು ಕಂಡು ಭಾನುವಾರಕ್ಕೆ ಹರಿಗೋಲು ಕೇಳಿದೆವು. ಆತ ಹೊಳೆಯತ್ತ ನೋಡಿದನೇ ಹೊರತು ನಮ್ಮತ್ತ ನೋಡಲಿಲ್ಲ.

“ಆಶ್ಲೇಷಾ ಮಳಿ ನಡದದ್ರೀ. ಡ್ಯಾಮು ತುಂಬಿ ನಿಂತದ. ಈಗ ನಾ ಬರಂಗಿಲ್ಲ.”

ಹಣ ಹೆಚ್ಚು ಕೊಡುವೆನೆಂದ ಹುಡುಗನಿಗೆ ಆತ ಕೊಟ್ಟ ಉತ್ತರವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಮರುದಿನ, ಅಂದರೆ ಆಗಸ್ಟ್ 10ರ ರಾತ್ರಿ, ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. 33 ಗೇಟುಗಳ ಆ ಅಣೆಕಟ್ಟಿನ ಮೇಲಿನ ಭಾರವನ್ನು ಇಳಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಮಾನ್ವಿಯವರೆಗಿನ ದಡದ ಊರುಗಳಿಗೆ ಎಚ್ಚರಿಕೆ ಹೋಯಿತು. ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆಯಲು ಸುಮಾರು ಒಂದು ವಾರವೇ ಹಿಡಿಯಿತು. ಭಾನುವಾರ ಬೆಳಗ್ಗೆ ಸುದ್ದಿಯನ್ನು ಕೇಳಿದ ಅಕ್ಕ ಮಗನ ಮುಖವನ್ನೂ ನನ್ನ ಮುಖವನ್ನೂ ಒಮ್ಮೊಮ್ಮೆ ನೋಡಿ ಒಳಗೆ ಹೋದಳು. ಏನೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಾಗುತ್ತಿತ್ತು.

ಅಂಬಿಗನಿಗೆ ಗೇಟಿನ ವಿಷಯ ಮೊದಲೇ ತಿಳಿದಿರಲಿಲ್ಲ, ಯಾರಿಗೂ ತಿಳಿದಿರಲಿಲ್ಲ. ಆದರೆ ತುಂಬಿ ನಿಂತ ಜಲಾಶಯದ ಕೆಳಗೆ ವಿಹಾರಕ್ಕೆ ಇಳಿಯಬಾರದೆಂಬ ಒಂದೇ ಸೂತ್ರ ಅವನಿಗೆ ಸಾಕಾಗಿತ್ತು. ಕೃತಜ್ಞತೆ ಹೇಳಲು ಹೋದಾಗ ಆತ ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡೆ: “ಹೊಳಿಗೆ ಈಗ ಮಳಿಗಾಲ ಬ್ಯಾಸಿಗಿ ಅಂತ ಇಲ್ರೀ. ಗೇಟು ತೆಗದರ ಮಳಿಗಾಲ, ಮುಚ್ಚಿದರ ಬ್ಯಾಸಿಗಿ.”

ಪ್ರವಾಸವನ್ನು ಜನವರಿಗೆ ಮುಂದೂಡಿದೆವು. ಹುಡುಗ ಟೊರಾಂಟೊಗೆ ಮರಳಿದನು. ಸಿದ್ಧತೆಯ ಭಾರವೆಲ್ಲ ನನ್ನ ಮೇಲೆ ಬಿದ್ದಿತು. ನಿವೃತ್ತನಿಗೆ ಬೇರೇನು ಕೆಲಸ!

ಯಾವ ಹೊಳೆ, ಯಾವ ದಾರಿ?

ಮಳೆಗಾಲ ಕಳೆದ ಮೇಲೆ ತುಂಗಭದ್ರೆಯ ನೀರು ಕಾಲುವೆಗಳ ಪಾಲು. ಮಾನ್ವಿಯ ಹೊಲಗದ್ದೆಗಳಿಗೆ ಬೇಕಾದದ್ದೂ ಅದೇ. ಹೊಳೆಯಲ್ಲಿ ಉಳಿಯುವುದು ಮರಳು, ಬಂಡೆ, ನಡುನಡುವೆ ಮಡುಗಳು. ಕೆಳಗೆ ರಾಜೋಳಿಬಂಡೆಯ ಒಡ್ಡು ಬೇರೆ. ಆದ್ದರಿಂದ ದೇವದುರ್ಗದ ಕಡೆಯ ಕೃಷ್ಣೆಯನ್ನೇ ಆರಿಸಿದೆವು.

ಕೃಷ್ಣೆಯಲ್ಲಿ ಎಲ್ಲಿಂದ ಇಳಿಯುವುದು? ನಾರಾಯಣಪುರದ ಅಣೆಕಟ್ಟಿನ ಬುಡದಿಂದಲೇ ಹೊರಡೋಣವೆಂದು ಹುಡುಗ ದೂರವಾಣಿಯಲ್ಲಿ ಸೂಚಿಸಿದನು. ಹಳೆಯ ಗೆಜೆಟಿಯರ್ ತೆಗೆದು ನೋಡಿದೆ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಬಳಿ ಹೊಳೆಯು ಮೂರು ಮೈಲಿಗಳಲ್ಲಿ ಸುಮಾರು ನಾನೂರು ಅಡಿ ಕೆಳಗಿಳಿಯುತ್ತದೆ! ಪುಸ್ತಕವನ್ನು ಮುಚ್ಚಿ, ಆ ಸೂಚನೆಯನ್ನೂ ಮುಚ್ಚಿಟ್ಟೆ. ಅದರ ಕೆಳಗೆ, ಮೌನೇಶ್ವರರ ಕ್ಷೇತ್ರವಾದ ತಿಂಥಣಿಯ ಸೇತುವೆಯ ಬಳಿಯಿಂದ ಹೊರಟು, ಹೂವಿನಹೆಡಗಿಯ ಕಡೆಗೆ ಸಾಗುವುದೆಂದು ನಿಶ್ಚಯವಾಯಿತು. ಇನ್ನೂ ಕೆಳಗೆ ಗೂಗಲ್ಲಿನಲ್ಲಿಯೂ ಗಿರಿಜಾಪುರದಲ್ಲಿಯೂ ಬ್ಯಾರೇಜುಗಳಿವೆ. ಬ್ಯಾರೇಜಿನ ಹಿಂದೆ ನೀರು ನಿಂತಿರುವುದರಿಂದ ಪ್ರವಾಹದ ಸಹಾಯ ತಪ್ಪುತ್ತದೆ, ಹುಟ್ಟು ಹಾಕುವವನ ತೋಳೇ ಗತಿ. ಕೃಷ್ಣೆ ಮೂಡಣಕ್ಕೆ ಹರಿಯುತ್ತಾಳೆ. ಚಳಿಗಾಲದ ಗಾಳಿಯು ಮೂಡಣದಿಂದಲೇ ಬೀಸುತ್ತದೆ. ಹಗುರವಾದ ದುಂಡು ಹರಿಗೋಲು ಗಾಳಿಗೆ ಬುಗುರಿಯಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ಹೆಚ್ಚಿನ ದಾರಿಯನ್ನು ಮುಗಿಸಬೇಕು.

ಹೂವಿನಹೆಡಗಿಯ ಸೇತುವೆಯ ಹೆಸರನ್ನು ಪತ್ರಿಕೆ ಓದುವವರೆಲ್ಲ ಕೇಳಿಯೇ ಇರುತ್ತಾರೆ. ನಾರಾಯಣಪುರದಿಂದ ಎರಡು ಲಕ್ಷ ಕ್ಯೂಸೆಕ್ಸಿಗೆ ಮೇಲ್ಪಟ್ಟು ನೀರು ಬಿಟ್ಟಿತೆಂದರೆ ಆ ಸೇತುವೆ ಮುಳುಗುವ ಸುದ್ದಿ ಬರುತ್ತದೆ. ಕೊಪ್ಪರದ ನರಸಿಂಹನ ಗುಡಿಗೂ ನೀರು ಬರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಇಪ್ಪತ್ತೆಂಟು ಲೀಟರಿನಷ್ಟು. ಎರಡು ಲಕ್ಷವೆಂದರೆ ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಐವತ್ತಾರು ಲಕ್ಷ ಲೀಟರು ನೀರು ನಿಮ್ಮ ಮುಂದೆ ಹಾದುಹೋಗುತ್ತದೆಂದು ತಿಳಿಯಿರಿ. 2009ರ ಅಕ್ಟೋಬರಿನಲ್ಲಿ ಮಂತ್ರಾಲಯವೇ ನೀರಿನಲ್ಲಿ ನಿಂತದ್ದನ್ನು ಯಾರು ಮರೆತಾರು? ಜನವರಿಯಲ್ಲಿ ಅಂಥ ಭಯವಿಲ್ಲ. ಆದರೆ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆಂದು, ಕುಡಿಯುವ ನೀರಿಗೆಂದು ಆಗಲೂ ಹೊಳೆಗೆ ನೀರು ಬಿಡುವುದುಂಟು. ಬಂಡೆಯ ಮೇಲೆ ಅಡಿಗೆ ಹೂಡಿದವರಿಗೆ ಅಷ್ಟೇ ಸಾಕು. ಹೊರಡುವ ಹಿಂದಿನ ದಿನವೂ ಹೊರಡುವ ಮುಂಜಾನೆಯೂ ಅಣೆಕಟ್ಟಿನವರನ್ನು ವಿಚಾರಿಸುವುದೆಂಬ ನಿಯಮವನ್ನು ನನ್ನ ಪಟ್ಟಿಯ ತಲೆಯಲ್ಲಿ ಕೆಂಪು ಶಾಯಿಯಿಂದ ಬರೆದೆ. ಮರಳಿ ದಾಟುವ ದಾರಿಯನ್ನು ಯೋಚಿಸದೆ ಕೃಷ್ಣೆಯನ್ನು ದಾಟಿದವರ ಗತಿ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನೊಡನೆ ಕಾದ ಆದಿಲಶಾಹನು ಹೊಳೆಯನ್ನು ಬೆನ್ನಿಗಿಟ್ಟು ನಿಂತನು. ಓಡುವಾಗ ಅವನ ಸೈನ್ಯದಲ್ಲಿ ಬಹಳ ಜನ ನೀರುಪಾಲಾದರು.

ಮೊಸಳೆಯ ವಿಷಯವನ್ನು ಅಕ್ಕನಿಗೆ ತಿಳಿಸದೆ ಮುಚ್ಚಿಡಬೇಕೆಂದಿದ್ದೆ. ಅವಳೇ ಕೇಳಿದಳು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಸುಳ್ಳೇಕೆ? ಚಳಿಗಾಲದ ಹಗಲಿನಲ್ಲಿ ಅವು ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತವೆ. ದೂರದಿಂದ ನೋಡಬಹುದು, ಹತ್ತಿರ ಹೋಗಬಾರದು. ಸಂಜೆಯ ಮೇಲೆ ನೀರಿನಂಚಿನಲ್ಲಿ ಪಾತ್ರೆ ತೊಳೆಯುವುದು, ಮೀನು ಹಸನು ಮಾಡುವುದು, ಮಡುವಿನಲ್ಲಿ ಈಜುವುದು ಮೂರೂ ಕೂಡದು. ರಾತ್ರಿ ಮರಳಿನ ಮೇಲೆ ಗುಡಾರ ಹೂಡುವ ಆಸೆಯನ್ನು ಹುಡುಗ ಬಹಳ ಕಷ್ಟದಿಂದ ಬಿಟ್ಟುಕೊಟ್ಟನು. ದಡದ ಊರೊಂದರಲ್ಲಿ ಅಂಬಿಗನ ಬೀಗರ ಮನೆಯಿತ್ತು. ವಸತಿ ಅಲ್ಲಿಯೇ ಎಂದಾಯಿತು.

ಗಾಳದ ಪ್ರಸ್ತಾಪ

ಇನ್ನು ಮೀನಿನ ಮಾತು. ನಮ್ಮದು ಸಸ್ಯಾಹಾರಿ ಮನೆತನ. ಹುಡುಗ ಗಾಳ ಹಾಕುವುದು ತಿನ್ನುವುದಕ್ಕಲ್ಲ. ಹಿಡಿದು, ಅಳೆದು, ಮತ್ತೆ ನೀರಿಗೆ ಬಿಡುವುದಕ್ಕೆ. “ಬಿಡೋದಾದರ ಹಿಡಿಯೋದ್ಯಾಕ?” ಎಂದು ಅಕ್ಕ ಕೇಳಿದ ಪ್ರಶ್ನೆಗೆ ಟೊರಾಂಟೊದಿಂದಲೂ ಸರಿಯಾದ ಉತ್ತರ ಬರಲಿಲ್ಲ. ಈ ಆಟಕ್ಕೆ ನಮ್ಮ ನಾಡಿನಲ್ಲಿ ಹೆಸರಾದದ್ದು ಕಾವೇರಿ ಸೀಮೆ. 1946ರಲ್ಲಿ ಕಪಿಲೆಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು 120 ಪೌಂಡು ತೂಗುವ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಮುಂದೆ ಭೀಮೇಶ್ವರಿಯ ಶಿಬಿರಕ್ಕೆ ದೇಶ ವಿದೇಶಗಳಿಂದ ಜನ ಬಂದರು. ವನ್ಯಧಾಮದ ಕಾನೂನಿನ ಕಾರಣ ಅಲ್ಲಿ ಆ ಆಟ ನಿಂತಿತು. ಆ ದೊಡ್ಡ ಕಾವೇರಿ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಕೃಷ್ಣಾ ಕೊಳ್ಳಕ್ಕೂ ತನ್ನದೇ ಮಹಶೀರ್ ಉಂಟು: ಸೈಕ್ಸ್ ಎಂಬ ಆಂಗ್ಲನು 1839ರಲ್ಲಿ ಪುಣೆಯ ಬಳಿಯ ನದಿಯ ಮೀನನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟನು. ಆದರೆ ನಮ್ಮ ಅಂಬಿಗರ ಬಲೆಗೆ ದಿನವೂ ಬೀಳುವುದು ಬಾಳೆ ಮೀನು, ಕಟ್ಲಾ, ರೋಹುಗಳು. ಹೊಳೆಯ ಮೀನಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು; ದಡದ ಮೀನುಗಾರರು ಹೊಟ್ಟೆಪಾಡಿಗಾಗಿ ಬಲೆ ಬಿಟ್ಟ ಜಾಗದಲ್ಲಿ ನಮ್ಮ ವಿನೋದದ ಗಾಳ ಇಳಿಯಬಾರದು. ಸಿಡಿಮದ್ದು ಹಾಕಿ ಮೀನು ಕೊಲ್ಲುವುದಂತೂ 1897ರ ಕಾನೂನಿನಿಂದಲೇ ಅಪರಾಧ.

ಪಟ್ಟಿಯಲ್ಲಿ ಉಳಿದವು ಸಣ್ಣಪುಟ್ಟವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ, ಕಾಯಿಸಿ ಆರಿಸಿದ ನೀರು. ರೊಟ್ಟಿ ನಾಲ್ಕು ದಿನ ಕೆಡುವುದಿಲ್ಲ. ಕೆನಡಾದ ಡಬ್ಬಿಯ ಆಹಾರ ಇದರ ಮುಂದೆ ನಿಲ್ಲಲಾರದು. ತೇಲುವ ಕವಚಗಳನ್ನು, ಅಂದರೆ ಲೈಫ್ ಜಾಕೆಟ್ಟುಗಳನ್ನು, ಬೆಂಗಳೂರಿನಿಂದ ತರಿಸಿದೆ. ನನಗೊಂದು, ಹುಡುಗನಿಗೊಂದು, ಅಂಬಿಗನಿಗೊಂದು. ಅವಿಲ್ಲದೆ ಯಾರೂ ಹತ್ತಕೂಡದೆಂಬುದು ಎರಡನೆಯ ಕೆಂಪು ಗೆರೆ.

ತಿಂಥಣಿಯ ಅಂಬಿಗ ಅದನ್ನು ಕೈಯಲ್ಲಿ ತಿರುವಿ ನೋಡಿ, “ನಮ್ಮ ಸ್ವಾರಿಬುರುಡಿ ಇದ್ದಂಗ ಅದ” ಎಂದನು. ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಈಜುವುದು ಈ ದಡದವರ ಹಳೆಯ ಪದ್ಧತಿ. 2014ರ ಮಳೆಗಾಲದಲ್ಲಿ, ಇಲ್ಲಿಂದ ಮೇಲ್ಗಡೆ ಸುರಪುರ ತಾಲ್ಲೂಕಿನ ನೀಲಕಂಠರಾಯನ ಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬಳು ಹೀಗೆಯೇ ಬುರುಡೆ ಕಟ್ಟಿಕೊಂಡು ಉಕ್ಕಿದ ಕೃಷ್ಣೆಯನ್ನು ಈಜಿ ದಾಟಿದಳು. ದಡದಲ್ಲಿ ವೈದ್ಯರಿದ್ದರು, ನಡುಗಡ್ಡೆಯಲ್ಲಿ ಇರಲಿಲ್ಲ, ಅಷ್ಟೇ ಕಾರಣ. ರಾಯಚೂರಿನ ಬಳಿಯ ಕುರ್ವಕುಲ, ಕುರ್ವಕುರ್ದ ನಡುಗಡ್ಡೆಗಳ ಜನರೂ ನೆರೆ ಬಂದಾಗಲೆಲ್ಲ ಹೊರಜಗತ್ತಿನ ಸಂಪರ್ಕವನ್ನು ಕಳೆದುಕೊಂಡು ಕೂತವರೇ. ಪಟ್ಟಿಯನ್ನು ಮತ್ತೆ ಓದಿಕೊಂಡಾಗ ನನಗೆ ಸ್ವಲ್ಪ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಈ ಹುಡುಕಾಟವೆಲ್ಲ ನಮಗೆ ಎರಡು ದಿನದ ಮೋಜಿಗೆ. ಆ ಹೆಣ್ಣುಮಗಳಿಗೆ ಸಿದ್ಧತೆಗೆ ಸಿಕ್ಕಿದ್ದು ನಾಲ್ಕು ಬುರುಡೆ.

ಜನವರಿಯ ಆ ಮುಂಜಾನೆ ತಿಂಥಣಿಯಲ್ಲಿ ಮಂಜು ಇನ್ನೂ ನೀರನ್ನು ಬಿಟ್ಟಿರಲಿಲ್ಲ. ಅಣೆಕಟ್ಟಿನ ಸುದ್ದಿ ವಿಚಾರಿಸಿಯಾಗಿತ್ತು. ಅಂಬಿಗ ಅದನ್ನು ಕೇಳಿಸಿಕೊಂಡು, ಆಮೇಲೆ ತಾನಾಗಿ ನಡುಹೊಳೆಯ ಒಂದು ಬಂಡೆಯನ್ನು ನೋಡಿದನು. ಅದರ ಬೆನ್ನು ಪೂರ್ತಿ ಕಾಣುತ್ತಿತ್ತು. “ಹತ್ರಿ” ಎಂದನು.

ಅಕ್ಕ ಹೊಳೆಗೆ ಅರಿಸಿನ ಕುಂಕುಮ ಏರಿಸಿ, ಹೂ ಬಿಟ್ಟು, ಕೈಮುಗಿದಳು. ಜೀಪಿನಲ್ಲಿ ವಸತಿಯ ಊರಿಗೆ ಮೊದಲೇ ಹೋಗಿರಬೇಕಾದವಳು ಅವಳು. ಆದರೆ ಮುಗಿದ ಕೈಯನ್ನು ಇಳಿಸಿದವಳೇ ಹರಿಗೋಲಿನತ್ತ ನಡೆದು, “ಇವತ್ತಿನ ದಿನ ನಾ ಹೋಗತೀನಿ” ಎಂದಳು. ಮಗನು ಸಂತೋಷದಿಂದ ಕೈಹಿಡಿದು ಹತ್ತಿಸಿಕೊಂಡನು.

ಕವಚಗಳು ಮೂರೇ. ನಿಯಮ ನನ್ನದೇ. ನನ್ನದನ್ನು ಬಿಚ್ಚಿ ಅಕ್ಕನಿಗೆ ತೊಡಿಸಿ ಜೀಪಿನಲ್ಲಿ ಕುಳಿತೆ. ಹರಿಗೋಲು ಎರಡು ಸುತ್ತು ತಿರುಗಿ, ಆಮೇಲೆ ದಿಕ್ಕು ಹಿಡಿದು, ಬಂಡೆಯಾಚೆಗೆ ಮರೆಯಾಯಿತು. ಆರೇಳು ಮೈಲಿ ಹೋದ ಮೇಲೆ ಬೀಡಿ ಹಚ್ಚಲೆಂದು ಜೀಪು ನಿಲ್ಲಿಸಿದ ಚಾಲಕನು ಹಿಂದಿನ ಆಸನದತ್ತ ಕೈತೋರಿಸಿ, ಇದು ಯಾರದೆಂದು ಕೇಳಿದನು. ರೊಟ್ಟಿಯ ಗಂಟು ಅಲ್ಲಿಯೇ ಇತ್ತು.