ಕೋವಿ ಇರುವ ಮನೆ, ಕೋವಿಗೆ ಅಂಜುವ ಮನ

ಕೋವಿ ಎಂಬ ಎರಡಕ್ಷರ ಕಿವಿಗೆ ಬಿದ್ದೊಡನೆ ಎಲ್ಲರ ಕಣ್ಣ ಮುಂದೆಯೂ ಒಂದೇ ಚಿತ್ರ ಮೂಡುವುದಿಲ್ಲ. ಬೆಂಗಳೂರಿನ ಬಡಾವಣೆಯಲ್ಲಿ ಬೆಳೆದವರಿಗೆ ಅದು ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲ ಮೇಲಿನ ವಸ್ತು. ಇಲ್ಲವೇ ಸಿನಿಮಾದ ಖಳನಾಯಕನ ಕೈಯ ಆಯುಧ. ವಿರಾಜಪೇಟೆ ಕಡೆಯ ಐನ್‌ಮನೆಯವರಿಗೆ ಅದು ವರ್ಷಕ್ಕೊಮ್ಮೆ ದೀಪದ ಮುಂದಿಟ್ಟು ಹೂ ಮುಡಿಸಿ ಕೈಮುಗಿಯುವ ವಸ್ತು. ತೀರ್ಥಹಳ್ಳಿಯ ಅಥವಾ ಸುಳ್ಯದ ಅಡಿಕೆ ಬೆಳೆಗಾರನಿಗೆ ಕತ್ತಿ, ಗುದ್ದಲಿಗಳಂತೆ ಅದೂ ಕೃಷಿಯ ಒಂದು ಸಲಕರಣೆ.

ಈ ಮೂವರೂ ಬೇರೆ ಬೇರೆಯಾಗಿದ್ದಷ್ಟು ದಿನ ತೊಂದರೆಯಿರಲಿಲ್ಲ. ಈಗ ಮದುವೆ ಸಂಬಂಧಗಳು ಘಟ್ಟ ಹತ್ತಿ ಇಳಿಯುತ್ತಿವೆ. ತೋಟದ ಮನೆಗಳು ಹೋಂಸ್ಟೇಗಳಾಗಿವೆ. ನಗರದ ಮಕ್ಕಳು ರಜೆಗೆ ಮಲೆನಾಡಿನ ನೆಂಟರ ಮನೆಗೆ ಬರುತ್ತಾರೆ. ಗೋಡೆಗೆ ತೂಗುಹಾಕಿದ ಕೋವಿ ಕಂಡೊಡನೆ ಮಾತು ಶುರುವಾಗುತ್ತದೆ. ಶುರುವಾದಷ್ಟೇ ಬೇಗ ಕೆಡುತ್ತದೆ. ‘ಮಕ್ಕಳಿರುವ ಮನೆಯಲ್ಲಿ ಇದೆಲ್ಲ ಯಾಕೆ?’ ಎಂದು ಒಬ್ಬರು. ‘ನಮ್ಮ ಅಜ್ಜನ ಕಾಲದಿಂದ ಇದೆ, ಏನಾಗಿದೆ?’ ಎಂದು ಇನ್ನೊಬ್ಬರು. ಪ್ರಶ್ನೆ ಸುರಕ್ಷತೆಯದು, ಉತ್ತರ ಗೌರವದ್ದು. ಎರಡೂ ಒಂದಕ್ಕೊಂದು ಭೇಟಿಯಾಗುವುದೇ ಇಲ್ಲ. ಭೇಟಿ ಮಾಡಿಸಬೇಕಾದರೆ ಎರಡೂ ಕಡೆಯ ಕಥೆ ತಿಳಿದಿರಬೇಕು.

ಈಡಿನ ಭಾಷೆ

ಕೊಡಗಿನ ಹಳೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಗದ್ದೆಯ ಅಂಚಿಗೆ, ಕಾಡಿನ ಮಗ್ಗುಲಿಗೆ ಒಂದೊಂದು ಮನೆ. ಮಳೆಗಾಲದಲ್ಲಿ ನೆರೆಮನೆಗೆ ಸುದ್ದಿ ಮುಟ್ಟಿಸುವುದೂ ಕಷ್ಟ. ಅಂಥ ಕಡೆ ಕೋವಿಯ ಸದ್ದೇ ಓಲೆ. ಗಂಡುಮಗು ಹುಟ್ಟಿದರೆ ಒಂದು ಈಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಈಡು. ಜೋಡಿ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುತ್ತಿದ್ದರು. ಪುತ್ತರಿಯಂದು ಹೊಸ ಭತ್ತದ ಕದಿರು ಕೊಯ್ಯುವಾಗಲೂ ಈಡು ಹಾರಿಸುವ ಪದ್ಧತಿಯಿದೆ.

ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ನಾಟಿ ಕೆಲಸ ಮುಗಿದು ಮೈಕೈ ಸಡಿಲಿಸುವ ಕಾಲ. ಕೋವಿ, ಕತ್ತಿಗಳನ್ನು ಶುಚಿಗೊಳಿಸಿ ದೇವರ ಕೋಣೆಯಲ್ಲಿಟ್ಟು ‘ತೋಕ್ ಪೂ’ವಿನಿಂದ ಅಲಂಕರಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಬೆಂಕಿಯ ನಾಲಗೆಯಂಥ ದಳಗಳ ಈ ಹೂವಿಗೆ ಕೋವಿಯ ಹೆಸರೇ ಬಂದಿದೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಹೆಂಗಸರೂ ಗುರಿಯಿಡುತ್ತಾರೆ.

ಹೊರಗಿನವರು ಗಮನಿಸಬೇಕಾದ ಅಂಶ ಇಲ್ಲೊಂದಿದೆ. ಈ ಆಚರಣೆಗಳಲ್ಲಿ ಕೋವಿ ಬೆದರಿಕೆಯ ವಸ್ತುವಲ್ಲ. ಹುಟ್ಟು, ಸಾವು, ಸುಗ್ಗಿಗಳ ಸಾಕ್ಷಿ ಅದು. ‘ಯಾಕೆ ಇದೆಲ್ಲ?’ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಮನೆಯ ಹಿರಿಯರಿಗೆ ನೋವಾಗುವುದು ಇದೇ ಕಾರಣಕ್ಕೆ.

ಹಕ್ಕಲ್ಲ, ವಿನಾಯಿತಿ

ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನವೇ ಕೊಟ್ಟ ಹಕ್ಕು. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಮೇಲಷ್ಟೇ ಕೋವಿ ಮನೆಗೆ ಬರಬೇಕು. ಅರ್ಜಿದಾರನಿಗೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು; ಪೊಲೀಸರ ವರದಿ ಬರಬೇಕು. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಸೇರಿಸಿದವು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು.

ಕೊಡಗಿನ ಕಥೆ ಸ್ವಲ್ಪ ಬೇರೆ. 1834ರಲ್ಲಿ ಚಿಕ್ಕವೀರರಾಜೇಂದ್ರನಿಂದ ಬ್ರಿಟಿಷರು ಈ ನಾಡನ್ನು ಕಿತ್ತುಕೊಂಡರು. 1857ರ ದಂಗೆಯ ನಂತರ ದೇಶದಾದ್ಯಂತ ಜನರ ಕೈಯಿಂದ ಆಯುಧ ಕಸಿಯುವ ಕ್ರಮ ಆರಂಭವಾಯಿತು. ಆದರೆ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಇದರಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವನೂ ಇವನೇ. ಸ್ವಾತಂತ್ರ್ಯಾನಂತರ 1963ರ ಕೇಂದ್ರದ ಅಧಿಸೂಚನೆ ಈ ವಿನಾಯಿತಿಯನ್ನು ಮುಂದುವರಿಸಿತು. ಕೊಡವರಿಗೆ ಮಾತ್ರವಲ್ಲ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯಿಸುತ್ತದೆ; ಅವರಲ್ಲಿ ಇತರ ಸಮುದಾಯದವರೂ ಇದ್ದಾರೆ.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ಕೊಟ್ಟ ಈ ರಿಯಾಯಿತಿ ಸಮಾನತೆಗೆ ವಿರುದ್ಧ ಎಂಬ ತಕರಾರು ಹೈಕೋರ್ಟಿನ ಮೆಟ್ಟಿಲೇರಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ಬಂದದ್ದು, ಹತ್ತು ವರ್ಷಗಳ ಅವಧಿಗೆ ಸೀಮಿತವಾದದ್ದು, ಷರತ್ತುಗಳಿಗೆ ಒಳಪಟ್ಟದ್ದು ಎಂಬುದು ನ್ಯಾಯಾಲಯ ಗಮನಿಸಿದ ಅಂಶಗಳು.

ವಿನಾಯಿತಿ ಎಂದರೆ ಕಾನೂನೇ ಇಲ್ಲವೆಂದಲ್ಲ. ವಿನಾಯಿತಿ ಪತ್ರ ಬೇಕು. ಕೋವಿಯ ವಿವರ ಸರ್ಕಾರದ ದಾಖಲೆಯಲ್ಲಿರಬೇಕು. ಬೇಟೆಗಂತೂ ಯಾರಿಗೂ ರಿಯಾಯಿತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಕುವೆಂಪು ಕಾದಂಬರಿಗಳ ಓದುಗರಿಗೆ ಪರಿಚಿತವಾದ ಆ ಬೇಟೆಯ ಲೋಕ ಮುಚ್ಚಿಹೋಗಿದೆ. ಹಬ್ಬದ ಹುರುಪಿಗೂ ಮಿತಿಯಿದೆ. ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ.

ಅಂಜಿಕೆಗೂ ಕಾರಣವಿದೆ

ಇನ್ನು ಅಂಜುವವರ ಕಡೆಗೆ ಬರೋಣ. ಅವರದು ಬರೀ ಪುಕ್ಕಲುತನವೇ? ಅಲ್ಲ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ, ಸ್ವಚ್ಛ ಮಾಡುವಾಗ ಸಿಡಿದ, ಮಕ್ಕಳ ಕೈಗೆ ಸಿಕ್ಕಿ ಅನಾಹುತವಾದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಇಂಥ ಹೆಚ್ಚಿನ ಸುದ್ದಿಗಳಲ್ಲಿ ಬರುವ ಒಂದೇ ಮಾತು: ‘ತುಂಬಿದೆ ಎಂದು ಗೊತ್ತಿರಲಿಲ್ಲ.’

ಯಾಕೆ ಗೊತ್ತಾಗುವುದಿಲ್ಲ? ಹಳೆಯ ಕೇಪಿನ ಕೋವಿಯ ರಚನೆಯೇ ಹಾಗಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯುತ್ತಾರೆ. ಹಿಂಭಾಗದಲ್ಲಿ ಕೇಪು ಕೂರಿಸಿದರೆ ಕೋವಿ ಸಿದ್ಧ. ಕುದುರೆ ಬಡಿದಾಗ ಕೇಪು ಸಿಡಿದು ಒಳಗಿನ ಮದ್ದಿಗೆ ಕಿಡಿ ಹಾರುತ್ತದೆ. ಒಮ್ಮೆ ತುಂಬಿದ್ದನ್ನು ಹೊರತೆಗೆಯುವುದು ತ್ರಾಸದ ಕೆಲಸ. ಹಾಗಾಗಿ ಈಡು ಹೊಡೆಯದೆ ಮರಳಿದವರು ಕೇಪು ಮಾತ್ರ ಕಿತ್ತು ಕೋವಿಯನ್ನು ಗೋಡೆಗೆ ತೂಗುಹಾಕಿಬಿಡುತ್ತಾರೆ. ಹಾಕಿದವರಿಗೆ ಅದು ನೆನಪಿರಬಹುದು. ಆರು ತಿಂಗಳ ನಂತರ ‘ಕುದುರೆ ಬೀಳುತ್ತದೆಯೋ ನೋಡೋಣ’ ಎಂದು ಹೊಸ ಕೇಪು ಹಾಕುವ ಹುಡುಗನಿಗೆ ಗೊತ್ತಿರುವುದಿಲ್ಲ. ಬಲ್ಲವರು ಕೇಪಿಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಗೆ ಮುಖ ಒಡ್ಡದೆ ಗಜ ಇಳಿಸಿ ನೋಡುತ್ತಾರೆ. ಖಾಲಿಯಿದ್ದರೆ ಗಜ ಬುಡದವರೆಗೆ ಹೋಗುತ್ತದೆ. ತುಂಬಿದ್ದರೆ ಮೊದಲೇ ನಿಲ್ಲುತ್ತದೆ. ತೋಟಾ ಕೋವಿ ಇಷ್ಟು ಗುಟ್ಟಿನದಲ್ಲ. ನಳಿಗೆ ಮಡಿಸಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಅಪಾಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಬಂದೂಕು ಕೈಗೆಟಕುವಂತಿದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚು ಎಂದು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಾಲ, ಕುಡಿತ, ಜಗಳ, ಮನಸ್ಸಿನ ಕಾಯಿಲೆ ಯಾವ ಮನೆಗೂ ಬರಬಹುದು. ದುಡುಕಿನ ಆ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಬೀಗ, ಬೀಗದ ಕೈ ಹುಡುಕುವ ಐದು ನಿಮಿಷ ಒಂದು ಜೀವ ಉಳಿಸೀತು. ಮನೆಯಲ್ಲಿ ಯಾರಾದರೂ ಅಂಥ ಸಂಕಟದಲ್ಲಿದ್ದಾರೆ ಎನಿಸಿದರೆ ಕೋವಿಯನ್ನು ಕಾನೂನಿನ ಪ್ರಕಾರ ಕೆಲಕಾಲ ಮನೆಯಿಂದ ಹೊರಗಿಡುವುದೇ ವಿವೇಕ. ಅದು ಮನೆತನದ ಮರ್ಯಾದೆಯ ಪ್ರಶ್ನೆಯಲ್ಲ.

ನಾಲ್ಕು ಸೂತ್ರ

ಗುರಿಕಾರಿಕೆ ಕಲಿಸುವವರು ಎಲ್ಲೆಡೆ ಮೊದಲ ದಿನ ಹೇಳಿಕೊಡುವ ಸೂತ್ರಗಳು ನಾಲ್ಕೇ. ಒಂದು, ಪ್ರತಿ ಕೋವಿಯೂ ತುಂಬಿದೆ ಎಂದೇ ಭಾವಿಸು. ಎರಡು, ತಮಾಷೆಗೂ ಯಾರ ಕಡೆಗೂ ನಳಿಗೆ ತಿರುಗಿಸಬೇಡ. ಮೂರು, ಗುರಿಯಿಟ್ಟು ಹೊಡೆಯುವ ಕ್ಷಣದವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ನಾಲ್ಕು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಸ್ಪಷ್ಟವಾಗದೆ ಈಡು ಹೊಡೆಯಬೇಡ.

ಈ ಸೂತ್ರಗಳ ಜಾಣ್ಮೆ ಇರುವುದು ಅವು ಒಂದಕ್ಕೊಂದು ಬೆಂಬಲವಾಗಿರುವುದರಲ್ಲಿ. ಮನುಷ್ಯ ಮರೆಯುತ್ತಾನೆ. ಕೋವಿ ಖಾಲಿಯೆಂದು ತಪ್ಪು ತಿಳಿದರೂ ನಳಿಗೆ ನೆಲದ ಕಡೆಗಿದ್ದರೆ ಹೋಗುವುದು ಮಣ್ಣು, ಮನುಷ್ಯನಲ್ಲ. ನಾಲ್ಕನೆಯದು ಮಲೆನಾಡಿಗೆ ಬಹಳ ಮುಖ್ಯ. ಪೊದೆ ಅಲ್ಲಾಡಿತೆಂದರೆ ಹಂದಿಯೇ ಇರಬೇಕೆಂದಿಲ್ಲ. ಸೌದೆ ಆಯುವ ಹೆಂಗಸೂ ಇರಬಹುದು. ಆಕಾಶಕ್ಕೆ ಹಾರಿಸಿದ ಗುಂಡು ಕೂಡ ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕು.

ಇವುಗಳ ಜೊತೆಗೆ ಮನೆಯ ಶಿಸ್ತು. ಕೋವಿ ಖಾಲಿ ಇರಲಿ, ಬೀಗದೊಳಗಿರಲಿ. ತೋಟಾ, ಮದ್ದು, ಕೇಪು ಬೇರೆ ಕಡೆ, ಬೇರೆ ಬೀಗದೊಳಗಿರಲಿ. ಕುಡಿದಾಗ ಕೋವಿ ಮುಟ್ಟಬಾರದು. ಮಕ್ಕಳಿಗೆ ‘ಮುಟ್ಟಬೇಡ’ ಎಂದು ಗದರಿದರಷ್ಟೇ ಸಾಲದು. ಕುತೂಹಲಕ್ಕೆ ಗದರಿಕೆ ಬೀಗವಲ್ಲ. ಎಲ್ಲಿಯೇ ಕಂಡರೂ ಮುಟ್ಟದೆ ದೂರ ಸರಿದು ದೊಡ್ಡವರನ್ನು ಕರೆಯಬೇಕೆಂದು ಕಲಿಸಬೇಕು.

ಕೇಳುವುದು ಹೇಗೆ, ಹೇಳುವುದು ಹೇಗೆ

ಅಂಜುವವರು ‘ಯಾಕೆ ಇಟ್ಟಿದ್ದೀರಿ?’ ಎನ್ನುವ ಬದಲು ‘ಹೇಗೆ ಇಟ್ಟಿದ್ದೀರಿ?’ ಎಂದು ಕೇಳಿ ನೋಡಲಿ. ‘ಮಾವ, ಕೋವಿ ಖಾಲಿ ಇದೆಯಾ? ಬೀಗದ ಕೈ ಯಾರ ಹತ್ತಿರ ಇರುತ್ತೆ?’ ಎಂದು ಹೊಸ ಸೊಸೆ ಕೇಳಿದರೆ ಅದು ಸಂಪ್ರದಾಯದ ಟೀಕೆಯಾಗುವುದಿಲ್ಲ. ಮಗುವನ್ನು ನೆಂಟರ ಮನೆಗೆ ಕಳಿಸುವ ತಾಯಿ ‘ಬಾವಿಗೆ ಕಟ್ಟೆ ಇದೆಯೇ, ನಾಯಿ ಕಚ್ಚುತ್ತದೆಯೇ’ ಎಂದು ವಿಚಾರಿಸುತ್ತಾಳೆ. ಕೋವಿಯ ವಿಚಾರವೂ ಅದೇ ಸಾಲಿನದು.

ಕೋವಿ ಇಟ್ಟುಕೊಂಡವರು ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಉತ್ತರವನ್ನು ಬಿಡಬೇಕು. ಆಗದಿದ್ದುದಕ್ಕೆ ಕಾರಣ ಹಿರಿಯರ ಎಚ್ಚರವೂ ಇರಬಹುದು, ಬರೀ ಅದೃಷ್ಟವೂ ಇರಬಹುದು. ಬೀಗ ತೋರಿಸುವುದು, ಕೋವಿ ಖಾಲಿಯಿದೆಯೆಂದು ಕಾಣಿಸಿಕೊಡುವುದು ಅದಕ್ಕಿಂತ ಒಳ್ಳೆಯ ಉತ್ತರ. ಅಂಜಿದವರ ಕೈಗೆ ‘ಹಿಡಿದು ನೋಡಿ, ಹೆದರಿಕೆ ಹೋಗುತ್ತದೆ’ ಎಂದು ಕೋವಿ ತುರುಕುವುದು ಬೇಡ. ಹೆದರಿಕೆ ಹೋಗಲೇಬೇಕೆಂದೂ ಇಲ್ಲ. ಕೋವಿಯ ವಿಷಯದಲ್ಲಿ ಒಂದಿಷ್ಟು ಹೆದರಿಕೆ ಇಬ್ಬರಿಗೂ ಒಳ್ಳೆಯದೇ.

ಇಷ್ಟು ಮಾತಾಡಿದ ಮೇಲೂ ಭಿನ್ನಾಭಿಪ್ರಾಯ ಉಳಿಯಬಹುದು. ವಿನಾಯಿತಿ 2029ರ ನಂತರವೂ ಬೇಕೇ, ಕಾಡುಪ್ರಾಣಿಗಳ ಕಾಟಕ್ಕೆ ಕೋವಿಯೇ ಪರಿಹಾರವೇ, ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವುದು ಸರಿಯೇ ಎಂಬ ಚರ್ಚೆಗಳು ನಡೆಯುತ್ತಲೇ ಇರುತ್ತವೆ. ನಡೆಯಲಿ. ಆದರೆ ಬೀಗ ಹಾಕಿದ ಖಾಲಿ ಕೋವಿ ಇರಬೇಕೆಂಬುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ. ಮುಂದಿನ ಕೈಲ್‌ಪೊಳ್ದ್‌ಗೆ ಕೋವಿ ಕೆಳಗಿಳಿಸಿ ಒರೆಸುವಾಗ ಮೊದಲು ಗಜ ಇಳಿಸಿ ನೋಡಿದರೆ, ಪೂಜೆ ಅಲ್ಲಿಂದಲೇ ಆರಂಭವಾದಂತೆ.