ನಿಮಗಿದು ಗೊತ್ತೆ? ಕಾರು ಒಪ್ಪದೆ ಚಾರ್ಜರ್ ವಿದ್ಯುತ್ ಹರಿಸದು

‘ಟೈಪ್ 2’ ಮಾದರಿಯ ಎಸಿ ಚಾರ್ಜರ್‌ಗೆ ವಿದ್ಯುತ್ ಕಾರನ್ನು ಜೋಡಿಸಿದ ಮಾತ್ರಕ್ಕೆ ವಿದ್ಯುತ್ ಹರಿಯುವುದಿಲ್ಲ. ಐಇಸಿ 61851 ಎಂಬ ಅಂತರರಾಷ್ಟ್ರೀಯ ಮಾನದಂಡ ಹಾಗೂ ಅದಕ್ಕೆ ಸಂವಾದಿಯಾದ ಭಾರತದ ಐಎಸ್ 17017ರ ಪ್ರಕಾರ, ‘ಕಂಟ್ರೋಲ್ ಪೈಲಟ್’ ಎಂಬ ಸಂಕೇತ ತಂತಿಯಲ್ಲಿ ಮೊದಲು 12 ವೋಲ್ಟ್ ಮಾತ್ರ ಇರುತ್ತದೆ; ಕಾರು ಜೋಡಣೆಯಾದಾಗ ಅದರೊಳಗಿನ ರೋಧಕದಿಂದಾಗಿ ಇದು 9 ವೋಲ್ಟ್‌ಗೂ, ಕಾರು ಸಿದ್ಧವಾದಾಗ 6 ವೋಲ್ಟ್‌ಗೂ ಇಳಿಯುತ್ತದೆ, ಆಮೇಲಷ್ಟೇ ಕಾಂಟ್ಯಾಕ್ಟರ್, ಅಂದರೆ ಮುಖ್ಯ ವಿದ್ಯುತ್ತನ್ನು ಜೋಡಿಸುವ ಸ್ವಿಚ್ಚು, ಕೆಲಸ ಮಾಡುತ್ತದೆ. ಸೆಕೆಂಡಿಗೆ 1,000 ಬಾರಿ ಮಿಡಿಯುವ ಈ ಸಂಕೇತದ ಅಗಲವೇ ಕಾರು ಎಷ್ಟು ವಿದ್ಯುತ್ ಸೆಳೆಯಬಹುದೆಂಬುದನ್ನೂ ತಿಳಿಸುತ್ತದೆ: ಮಿಡಿತದ ಅರ್ಧ ಅವಧಿ ಸಂಕೇತವಿದ್ದರೆ ಮಿತಿ 30 ಆಂಪಿಯರ್.

ಸೋರಿಕೆಯ ವಿಷಯ ಇನ್ನೂ ಸೂಕ್ಷ್ಮವಾದುದು. ವಿದ್ಯುತ್ 30 ಮಿಲಿಆಂಪಿಯರ್‌ನಷ್ಟು ಸೋರಿದರೂ ಆರ್‌ಸಿಡಿ ಎಂಬ ರಕ್ಷಣಾ ಸಾಧನ ಸಂಪರ್ಕವನ್ನು ಕಡಿಯಬೇಕು; ಆದರೆ ಕಾರಿನ ಬ್ಯಾಟರಿ ಕಡೆಯಿಂದ ಏಕಮುಖ ವಿದ್ಯುತ್ ಸೋರಿದರೆ ಸಾಮಾನ್ಯ ಆರ್‌ಸಿಡಿಯ ಕಾಂತೀಯ ತಿರುಳು ಸಂತೃಪ್ತಗೊಂಡು ಅದು ನಿಷ್ಕ್ರಿಯವಾಗಬಹುದಾದ್ದರಿಂದ, 6 ಮಿಲಿಆಂಪಿಯರ್ ಏಕಮುಖ ಸೋರಿಕೆಯನ್ನೇ ಗುರುತಿಸುವ ವ್ಯವಸ್ಥೆಯನ್ನು ಅಥವಾ ‘ಟೈಪ್ ಬಿ’ ಆರ್‌ಸಿಡಿಯನ್ನು ಅಳವಡಿಸಲಾಗುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ 2019ರಲ್ಲಿ ತಂದ ತಿದ್ದುಪಡಿಯು ಚಾರ್ಜಿಂಗ್ ಸಾಕೆಟ್ ನೆಲಮಟ್ಟದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕೆಂದು ವಿಧಿಸಿದ್ದಲ್ಲದೆ, ಎಕ್ಸ್‌ಟೆನ್ಷನ್ ವೈರ್ ಬಳಕೆಯನ್ನೂ ನಿಷೇಧಿಸಿತು. ಬಾಲ್ಕನಿಯಿಂದ ವೈರ್ ಇಳಿಬಿಟ್ಟು ಸ್ಕೂಟರ್ ಚಾರ್ಜ್ ಮಾಡುವ ನಗರವಾಸಿಗಳಿಗೆ ಈ ಎರಡನೆಯ ನಿಯಮ ಅಷ್ಟಾಗಿ ಪರಿಚಯವಿದ್ದಂತಿಲ್ಲ.